ಪನೀರ್ ನೀರಿನಿಂದ ಪ್ಲಾಸ್ಟಿಕ್: ಕೋಲಾರದ ಒಂದು ಲ್ಯಾಬಿನ ಪ್ರಕರಣ

ಈ ಕೆಲಸ ಶುರುವಾಗಿದ್ದು ಒಂದು ಹರಿದ ಮಲ್ಚಿಂಗ್ ಪೇಪರ್‌ನಿಂದ. ನಮ್ಮ ಎಂ.ಎಸ್ಸಿ. ವಿದ್ಯಾರ್ಥಿನಿ ಒಬ್ಬಳು ಮುಳಬಾಗಿಲು ಕಡೆಯವಳು. ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಪ್ರಾಜೆಕ್ಟ್‌ಗೆ ಏನು ವಿಷಯ ತಗೋತೀಯಮ್ಮ ಅಂತ ಕೇಳಿದಾಗ ಅವಳು ಬ್ಯಾಗಿನಿಂದ ಒಂದು ಕವರ್ ತೆಗೆದು ಮೇಜಿನ ಮೇಲೆ ಇಟ್ಟಳು. ಒಳಗೆ ಮಣ್ಣು ಮೆತ್ತಿದ ಚೂರುಗಳು. ಒಂದು ಮಗ್ಗುಲು ಬೆಳ್ಳಿ ಬಣ್ಣ, ಇನ್ನೊಂದು ಮಗ್ಗುಲು ಕಪ್ಪು.

"ಮೇಡಂ, ಇದು ಮೂರು ವರ್ಷದ ಹಿಂದೆ ಹಾಕಿದ ಪೇಪರ್. ಎಷ್ಟು ಸಲ ಉತ್ತರೂ ಇನ್ನೂ ಮೇಲೆ ಬರ್ತಾನೇ ಇದೆ. ಅಪ್ಪ ಬೇಸಿಗೇಲಿ ಗುಡ್ಡೆ ಹಾಕಿ ಸುಡ್ತಾರೆ. ಕರಗೋ ಪೇಪರ್ ಮಾಡೋಕೆ ಆಗಲ್ವಾ?"

ಪೇಪರ್ ಅಂತ ಕರೆದರೂ ಅದು ಪೇಪರ್ ಅಲ್ಲ, 25 ಅಥವಾ 30 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಕೋಲಾರದ ಕಡೆ ಟೊಮೆಟೊ, ಕ್ಯಾಪ್ಸಿಕಂ ಬೆಳೆಯುವವರು ಡ್ರಿಪ್ ಜೊತೆಗೆ ಇದನ್ನೂ ಹಾಸುತ್ತಾರೆ. ಕಳೆ ಬರುವುದಿಲ್ಲ, ಮಣ್ಣಿನ ತೇವ ಉಳಿಯುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿರುವ ಊರುಗಳಲ್ಲಿ ಅದು ಸಣ್ಣ ಲಾಭವಲ್ಲ. ಹಾಗಾಗಿ ಹಾಕಬೇಡಿ ಅಂತ ರೈತರಿಗೆ ಹೇಳುವ ಹಕ್ಕು ನನಗಿಲ್ಲ. ಆದರೆ ಅಷ್ಟು ತೆಳುವಾದ ಹಾಳೆ ಒಂದು ಬೆಳೆ ಮುಗಿಯುವ ಹೊತ್ತಿಗೆ ಬಿಸಿಲಿಗೆ ಹರಿದು ಚಿಂದಿಯಾಗುತ್ತದೆ. ಪೂರ್ತಿ ಎತ್ತಲು ಆಗುವುದಿಲ್ಲ, ಎತ್ತಿದರೂ ಮಣ್ಣು ಮೆತ್ತಿದ್ದನ್ನು ಗುಜರಿಯವರು ತಗೊಳ್ಳುವುದಿಲ್ಲ.

ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಮಾಡಿದ ಒಂದು ವರ್ಷದ ಕೆಲಸವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಅವಳ ಜೊತೆ ಮಾಲೂರಿನ ಒಬ್ಬ ಹುಡುಗನೂ ಇದ್ದ. ಕೈಗೆ ಸಿಕ್ಕಿದ್ದಕ್ಕಿಂತ, ನಡುವೆ ಎರಡು ತಿಂಗಳು ಎಲ್ಲಿ ಎಡವಿದೆವು ಅನ್ನುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವ ಬೇರೆ ಕಾಲೇಜಿನವರು ಇದೇ ಜಾಗದಲ್ಲಿ ಎಡವಬಾರದು ಅನ್ನುವುದು ನನ್ನ ಆಸೆ.

ಮೊದಲು ಈ ಪ್ಲಾಸ್ಟಿಕ್ ಏನು ಅಂತ ನೋಡೋಣ. ಹೆಸರು ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಚಿಕ್ಕದಾಗಿ ಪಿಎಚ್‌ಬಿ. ಇದನ್ನು 1926ರಲ್ಲಿ ಫ್ರಾನ್ಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಮೊರಿಸ್ ಲೆಮ್ವಾನ್ ಎಂಬ ವಿಜ್ಞಾನಿ ಬ್ಯಾಸಿಲಸ್ ಮೆಗಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಕಂಡುಹಿಡಿದರು. ನಮ್ಮ ಮೈಯಲ್ಲಿ ಕೊಬ್ಬು ಹೇಗೋ, ಕೆಲವು ಬ್ಯಾಕ್ಟೀರಿಯಾಗಳಿಗೆ ಇದು ಹಾಗೆ. ಸಕ್ಕರೆ ಧಾರಾಳ ಇದೆ, ಆದರೆ ಸಾರಜನಕವೋ ರಂಜಕವೋ ಕಡಿಮೆಯಾಗಿ ಹೊಸ ಜೀವಕೋಶ ಕಟ್ಟಲು ಆಗುತ್ತಿಲ್ಲ ಅನ್ನುವ ಹೊತ್ತಿನಲ್ಲಿ ಮಿಕ್ಕ ಇಂಗಾಲವನ್ನು ಸಣ್ಣ ಸಣ್ಣ ಹರಳುಗಳ ಹಾಗೆ ಒಳಗೆ ಕೂಡಿಡುತ್ತವೆ. ಕಣಜಕ್ಕೆ ರಾಗಿ ತುಂಬಿಟ್ಟ ಹಾಗೆ. ಕುಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯಾ ತನ್ನ ಒಣ ತೂಕದ ಶೇ 80ರಷ್ಟನ್ನು ಹೀಗೆ ತುಂಬಿಕೊಳ್ಳಬಲ್ಲದು. ಆ ಹರಳನ್ನು ಹೊರಗೆ ತೆಗೆದು ಕಾಯಿಸಿದರೆ ಸುಮಾರು 175 ಡಿಗ್ರಿಗೆ ಕರಗಿ ಪ್ಲಾಸ್ಟಿಕ್‌ನಂತೆ ಅಚ್ಚಿಗೆ ಬರುತ್ತದೆ. ಮಣ್ಣಿಗೆ ಬಿದ್ದರೆ ಅಲ್ಲಿನ ಬೇರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಕಿಣ್ವ ಸುರಿಸಿ ಅದನ್ನು ಒಡೆದು ತಿಂದುಬಿಡುತ್ತವೆ. ಅಂಗಡಿಗಳಲ್ಲಿ ಕರಗುವ ಪ್ಲಾಸ್ಟಿಕ್ ಅಂತ ಸಿಗುವ ಪಿಎಲ್‌ಎ ಹಾಗಲ್ಲ, ಅದು ಸರಿಯಾಗಿ ಕರಗಲು ಸುಮಾರು 60 ಡಿಗ್ರಿ ಬಿಸಿಯ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಹೊಲದ ಮಣ್ಣಿನಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು? ನಾವು ಪಿಎಚ್‌ಬಿ ಕಡೆ ಹೋಗಲು ಇದೇ ಕಾರಣ.

ಬ್ಯಾಕ್ಟೀರಿಯಾಗೆ ಏನು ತಿನ್ನಿಸುವುದು? ಕೋಲಾರದಲ್ಲಿ ಕೂತು ಈ ಪ್ರಶ್ನೆ ಕೇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಟೊಮೆಟೊ. ರೇಟು ಬಿದ್ದಾಗ ಮಂಡಿಗೆ ತಂದ ಬಾಕ್ಸ್‌ಗಳನ್ನು ರಸ್ತೆ ಬದಿ ಸುರಿದು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಟೊಮೆಟೊದಲ್ಲಿ ಶೇ 94ರಷ್ಟು ನೀರೇ. ಅದೂ ಅಲ್ಲದೆ ರೇಟು ಏರಿದ ತಿಂಗಳು ಒಂದು ಹಣ್ಣೂ ಸಿಗುವುದಿಲ್ಲ. ವರ್ಷವಿಡೀ ಒಂದೇ ಥರ ಸಿಗುವ, ಯಾರಿಗೂ ಬೇಡವಾದ ಸಕ್ಕರೆ ನೀರು ಬೇಕಿತ್ತು. ಅದು ಸಿಕ್ಕಿದ್ದು ಊರಾಚೆಯ ಒಂದು ಸಣ್ಣ ಪನೀರ್ ಘಟಕದಲ್ಲಿ. ಹಾಲಿಗೆ ಸಿಟ್ರಿಕ್ ಆಸಿಡ್ ಹಾಕಿ ಒಡೆದು, ಪನೀರ್ ಹಿಂಡಿದ ಮೇಲೆ ಹಸಿರು ಛಾಯೆಯ ಹಳದಿ ನೀರು ಉಳಿಯುತ್ತದಲ್ಲ, ಪುಸ್ತಕದಲ್ಲಿ ಹಾಲೊಡಕು ಅಂತ ಬರೆಯುತ್ತಾರೆ, ಅಲ್ಲಿ ಕೆಲಸ ಮಾಡುವವರಿಗೆ ಅದು ಬರೀ ಪನೀರ್ ನೀರು. ಒಂದು ಕೆಜಿ ಪನೀರ್‌ಗೆ ಸುಮಾರು ಐದು ಲೀಟರ್ ಬರುತ್ತದೆ. ಸ್ವಲ್ಪ ದನಗಳಿಗೆ, ಮಿಕ್ಕಿದ್ದು ಚರಂಡಿಗೆ. ಚರಂಡಿಗೆ ಬಿಟ್ಟರೆ ಅದು ಸುಮ್ನೆ ಹೋಗುವುದಿಲ್ಲ, ಅದರ ಬಿಒಡಿ ಲೀಟರ್‌ಗೆ 30,000 ಮಿಲಿಗ್ರಾಂಗಿಂತ ಮೇಲೆ ಇರುತ್ತದೆ, ಅಂದರೆ ಸೇರಿದ ಕಡೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಂಡು ಕೊಳೆತು ನಾರುತ್ತದೆ. ಆ ನೀರಿನಲ್ಲಿ ಲೀಟರ್‌ಗೆ 45 ಗ್ರಾಂ ಆಸುಪಾಸು ಲ್ಯಾಕ್ಟೋಸ್ ಇದೆ. ಹಾಲಿನ ಸಕ್ಕರೆ. ಘಟಕದ ಯಜಮಾನರು ಕ್ಯಾನ್ ತುಂಬಿ ಕೊಟ್ಟರು, ದುಡ್ಡು ಬೇಡ ಅಂದರು.

ಇಲ್ಲಿ ಒಂದು ತೊಡಕು. ಪಿಎಚ್‌ಬಿ ಮಾಡುವುದರಲ್ಲಿ ಪಳಗಿದ ಕುಪ್ರಿಯಾವಿಡಸ್‌ಗೆ ಲ್ಯಾಕ್ಟೋಸ್ ತಿನ್ನಲು ಬರುವುದಿಲ್ಲ. ಲ್ಯಾಕ್ಟೋಸ್ ತಿನ್ನುವ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾಗೆ ಪಿಎಚ್‌ಬಿ ಹರಳು ಕಟ್ಟಲು ಬರುವುದಿಲ್ಲ. ಈ ಗಂಟನ್ನು ಬಿಡಿಸುವ ದಾರಿ 1988ರಲ್ಲೇ ಸಿಕ್ಕಿತ್ತು. ಕುಪ್ರಿಯಾವಿಡಸ್‌ನ ಮೂರು ಜೀನ್‌ಗಳನ್ನು ತೆಗೆದು ಇ. ಕೋಲೈಗೆ ಹಾಕಿದರೆ ಅದೂ ಪ್ಲಾಸ್ಟಿಕ್ ಮಾಡುತ್ತದೆ ಅಂತ ಆ ವರ್ಷ ತೋರಿಸಿದರು. ಫಾ-ಎ, ಫಾ-ಬಿ, ಫಾ-ಸಿ ಅಂತ ಆ ಜೀನ್‌ಗಳ ಹೆಸರು. ಮೊದಲನೆಯದು ಸಕ್ಕರೆ ಒಡೆದಾಗ ಬರುವ ಅಸಿಟೈಲ್-ಕೋಎ ಎಂಬ ಅಣುಗಳನ್ನು ಎರಡೆರಡಾಗಿ ಜೋಡಿಸುತ್ತದೆ. ಎರಡನೆಯದು ಅದಕ್ಕೆ ಎನ್‌ಎಡಿಪಿಎಚ್ ಎಂಬ ಹೈಡ್ರಜನ್ ಹೊರುವ ಅಣುವನ್ನು ಖರ್ಚು ಮಾಡಿ ಹೈಡ್ರಜನ್ ಸೇರಿಸುತ್ತದೆ. ಮೂರನೆಯದು ಅವನ್ನು ಮಾಲೆಯಂತೆ ಪೋಣಿಸುತ್ತದೆ. ಅಷ್ಟೇ. ಕೊರಿಯಾದ ಕೈಸ್ಟ್ ಸಂಸ್ಥೆಯಲ್ಲಿ ಸಾಂಗ್ ಯುಪ್ ಲೀ ಅವರ ತಂಡ 2000ರ ಸುಮಾರಿಗೆ ಹಾಲೊಡಕನ್ನೇ ಉಣಿಸಿ ಇ. ಕೋಲೈ ಒಳಗೆ ಒಣ ತೂಕದ ಶೇ 80ರಷ್ಟು ಪಿಎಚ್‌ಬಿ ತುಂಬಿಸಿ ತೋರಿಸಿತು. ಅದನ್ನು ಓದಿ ನಮ್ಮ ಇಬ್ಬರು ವಿದ್ಯಾರ್ಥಿಗಳಿಗೂ ಹುರುಪು ಬಂತು. ನನಗೂ ಬಂತು.

ಮೂರೂ ಜೀನ್ ಇರುವ ಪ್ಲಾಸ್ಮಿಡ್, ಅಂದರೆ ಜೀನ್ ಹೊತ್ತೊಯ್ಯುವ ಸಣ್ಣ ಡಿಎನ್‌ಎ ಉಂಗುರ, ಬೆಂಗಳೂರಿನ ಒಂದು ಲ್ಯಾಬ್‌ನಿಂದ ಸಿಕ್ಕಿತು. ಕಾಲೇಜಿನ ಜೈವಿಕ ಸುರಕ್ಷತಾ ಸಮಿತಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆದೆವು. ಇದನ್ನು ಒತ್ತಿ ಹೇಳುತ್ತೇನೆ, ಪ್ರಾಜೆಕ್ಟ್ ಸಣ್ಣದು ಅಂತ ಈ ಹೆಜ್ಜೆ ಬಿಡಬೇಡಿ. ಜೀನ್ ಬದಲಿಸಿದ ಯಾವ ಬ್ಯಾಕ್ಟೀರಿಯಾವೂ ಆಟೋಕ್ಲೇವ್ ಎಂಬ ಹಬೆ ಕುಕ್ಕರ್‌ನಲ್ಲಿ ಸಾಯದೆ ಸಿಂಕ್‌ಗೆ ಹೋಗಬಾರದು.

ಪ್ಲಾಸ್ಮಿಡ್ ಅನ್ನು ಡಿಎಚ್5-ಆಲ್ಫಾ ಎಂಬ ಇ. ಕೋಲೈ ತಳಿಗೆ ಹಾಕಿದೆವು. ಜೀನ್ ಕೆಲಸ ಮಾಡುವ ಯಾವ ಲ್ಯಾಬ್‌ನಲ್ಲೂ ಫ್ರೀಜರ್ ತೆರೆದರೆ ಮೊದಲು ಸಿಗುವ ತಳಿ ಇದು. ಗ್ಲೂಕೋಸ್ ಬೆರೆಸಿದ ಪ್ಲೇಟ್ ಮೇಲೆ ಒಂದು ದಿನ ಬೆಳೆಸಿದಾಗ ಕಾಲನಿಗಳು ಗಟ್ಟಿ ಮೊಸರಿನ ಹಾಗೆ ಬೆಳ್ಳಗೆ ಬಂದವು. ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಂದೊಂದು ಜೀವಕೋಶದಲ್ಲೂ ಎಳ್ಳಿನ ಹಾಗೆ ಕಪ್ಪು ಚುಕ್ಕಿ. ಹುಡುಗಿ ಆ ದಿನ ಮನೆಗೆ ಫೋನ್ ಮಾಡಿ, ಅಪ್ಪಾ ಪ್ಲಾಸ್ಟಿಕ್ ಬಂತು ಅಂದಳು.

ಆಮೇಲೆ ಪನೀರ್ ನೀರಿಗೆ ಹಾಕಿದೆವು. ಬಟ್ಟೆಯಲ್ಲಿ ಸೋಸಿ, ಕುದಿಸಿ, ಮತ್ತೆ ಸೋಸಿ, ಹುಳಿ ತೆಗೆದು ಪಿಎಚ್ 7ಕ್ಕೆ ತಂದು, ಆಟೋಕ್ಲೇವ್ ಮಾಡಿ, ಬ್ಯಾಕ್ಟೀರಿಯಾ ಬಿಟ್ಟು ಷೇಕರ್‌ನಲ್ಲಿ ಇಟ್ಟೆವು. ಎರಡು ದಿನ ಕಳೆಯಿತು. ನೀರು ಮಬ್ಬಾಗಿತ್ತು, ಒಡಿ, ಅಂದರೆ ಮೆಷಿನ್‌ನಲ್ಲಿ ಅಳೆದ ಮಬ್ಬಿನ ಪ್ರಮಾಣ, ಸ್ವಲ್ಪ ಏರಿತ್ತು. ಆದರೆ ಪ್ಲಾಸ್ಟಿಕ್ ಇಲ್ಲ. ಆಸಿಡ್ ಹಾಕಿ ಕಾಯಿಸಿದರೆ ಪಿಎಚ್‌ಬಿ ಕ್ರೋಟೋನಿಕ್ ಆಸಿಡ್ ಆಗುತ್ತದೆ, ಅದನ್ನು 235 ನ್ಯಾನೋಮೀಟರ್‌ನಲ್ಲಿ ಅಳೆಯುವ ಪರೀಕ್ಷೆ ಮಾಡಿದೆವು. ಅದೂ ಇಲ್ಲ ಅಂದಿತು. ಮೈಕ್ರೋಸ್ಕೋಪ್‌ನಲ್ಲಿ ಚುಕ್ಕಿ ಕಂಡ ಜೀವಕೋಶ ನೂರಕ್ಕೆ ಒಂದೋ ಎರಡೋ.

ಅಲ್ಲಿಂದ ಎರಡು ತಿಂಗಳು ನಾವು ಪನೀರ್ ನೀರನ್ನೇ ಅನುಮಾನಿಸಿದೆವು. ಗ್ಲೂಕೋಸ್‌ನಲ್ಲಿ ಚೆನ್ನಾಗಿ ಬಂದಿದೆ, ಹಾಗಾಗಿ ತಪ್ಪು ಈ ನೀರಿನಲ್ಲೇ ಇದೆ ಅಂತ. ಹಸುವಿಗೆ ಕೆಚ್ಚಲುಬಾವು ಬಂದಾಗ ಕೊಟ್ಟ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಉಳಿದಿರಬಹುದು ಅಂತ ಹುಡುಗ ಹೇಳಿದ. ಒಳ್ಳೆ ಅನುಮಾನವೇ. ಪ್ಲೇಟ್ ಮೇಲೆ ಪರೀಕ್ಷಿಸಿದೆವು, ಇರಲಿಲ್ಲ. ಸಿಟ್ರಿಕ್ ಆಸಿಡ್ ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತಿರಬಹುದು ಅಂತ ಮೆಗ್ನೀಸಿಯಂ ಸಲ್ಫೇಟ್ ಜಾಸ್ತಿ ಹಾಕಿದೆವು. ಆಟೋಕ್ಲೇವ್‌ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಪಾಕದ ವಾಸನೆ ಬರುತ್ತಿತ್ತು, ಸಕ್ಕರೆ ಸುಡುತ್ತಿದೆಯೇನೋ ಅಂತ ಫಿಲ್ಟರ್ ಮಾಡಿ ನೋಡಿದೆವು. ಪ್ಲಾಸ್ಮಿಡ್ ಕಳಚಿಕೊಂಡು ಹೋಗಿರಬೇಕು ಅಂದಿದ್ದು ನಾನು. ಅದಕ್ಕೆ ಮೂರು ವಾರ ಹೋಯಿತು. ಪ್ಲಾಸ್ಮಿಡ್ ಅಲ್ಲೇ ಇತ್ತು.

ದಾರಿ ಸಿಕ್ಕಿದ್ದು ಒಂದು ಸಣ್ಣ ಲೆಕ್ಕದಿಂದ. ನಮ್ಮ ಪದವಿ ತರಗತಿಗಳಲ್ಲಿ ಸಕ್ಕರೆ ಅಳೆಯಲು ಡಿಎನ್‌ಎಸ್ ಪರೀಕ್ಷೆ ಮಾಡಿಸುತ್ತೇವೆ. ಒಂದು ಸಂಜೆ ಹುಡುಗಿ ತಾನಾಗಿಯೇ ಹಳೇ ಫ್ಲಾಸ್ಕ್‌ಗಳ ನೀರಿನಲ್ಲಿ ಅದನ್ನು ಮಾಡಿ ನೋಡಿದಳು. ಶುರುವಿನಲ್ಲಿ ಲೀಟರ್‌ಗೆ 45 ಗ್ರಾಂ. ಎರಡು ದಿನ ಆದ ಮೇಲೆ 44. ಸಕ್ಕರೆ ಕದಲೇ ಇರಲಿಲ್ಲ. ಮುಂದೆ ಇಟ್ಟ ಊಟವನ್ನು ಬ್ಯಾಕ್ಟೀರಿಯಾ ಮುಟ್ಟಿಯೇ ಇಲ್ಲ.

ಅವಳು ಬಂದು ಕೇಳಿದ್ದು ಇಷ್ಟೇ. "ಮೇಡಂ, ಇದಕ್ಕೆ ಲ್ಯಾಕ್ಟೋಸ್ ತಿನ್ನೋಕೆ ಬರುತ್ತಾ?"

ಬರುವುದಿಲ್ಲ. ಉತ್ತರ ನನ್ನ ತಲೆಯಲ್ಲಿ ವರ್ಷಗಳಿಂದ ಇತ್ತು, ಈ ಕೆಲಸಕ್ಕೆ ಅದನ್ನು ಜೋಡಿಸಿ ನೋಡಿರಲಿಲ್ಲ. ಇ. ಕೋಲೈ ಲ್ಯಾಕ್ಟೋಸ್ ತಿನ್ನುತ್ತದೆ ಅಂತ ಪುಸ್ತಕದಲ್ಲಿ ಓದುತ್ತೇವೆ, ಅದಕ್ಕೆ ಬೇಕಾದ ಜೀನ್‌ಗಳ ಗುಂಪಾದ ಲ್ಯಾಕ್ ಓಪೆರಾನ್ ಪಾಠವನ್ನು ಪ್ರತಿ ವರ್ಷ ಮಾಡುತ್ತೇವೆ. ಆದರೆ ಡಿಎಚ್5-ಆಲ್ಫಾ ಲ್ಯಾಬ್ ಕೆಲಸಕ್ಕೆ ಅಂತಲೇ ತಿದ್ದಿದ ತಳಿ. ಅದರ ಕ್ರೋಮೋಸೋಮ್‌ನಿಂದ ಲ್ಯಾಕ್ ಓಪೆರಾನ್ ಅನ್ನೇ ಕತ್ತರಿಸಿ ತೆಗೆದಿದ್ದಾರೆ. ಲ್ಯಾಕ್ಟೋಸ್ ಅನ್ನು ಒಡೆಯುವ ಕಿಣ್ವವೂ ಇಲ್ಲ, ಅದನ್ನು ಒಳಗೆ ಎಳೆದುಕೊಳ್ಳುವ ಪರ್ಮಿಯೇಸ್ ಎಂಬ ಬಾಗಿಲೂ ಇಲ್ಲ.

ಹುಡುಗನಿಗೆ ಒಂದು ಸಂಶಯ ಬಂತು, ಅದು ಸರಿಯಾದ ಸಂಶಯ. ಇದೇ ತಳಿಯಲ್ಲಿ ನೀಲಿ-ಬಿಳಿ ಕಾಲನಿ ಪರೀಕ್ಷೆ ಮಾಡುತ್ತೇವಲ್ಲ, ಲ್ಯಾಕ್ಟೋಸ್ ಒಡೆಯುವ ಕಿಣ್ವ ಇದ್ದರೆ ತಾನೇ ಕಾಲನಿ ನೀಲಿಯಾಗುವುದು, ಅದು ಇಲ್ಲದೆ ನೀಲಿ ಹೇಗೆ ಬರುತ್ತದೆ? ಅದಕ್ಕೆ ಈ ತಳಿಯೊಳಗೆ ಕಿಣ್ವದ ಒಂದು ಅರೆಬರೆ ತುಂಡನ್ನು ಮಾತ್ರ ಉಳಿಸಿದ್ದಾರೆ, ಮಿಕ್ಕ ಚಿಕ್ಕ ತುಂಡು ಪ್ಲಾಸ್ಮಿಡ್‌ನಿಂದ ಬಂದರೆ ಎರಡೂ ಸೇರಿ ಕೆಲಸ ಮಾಡುತ್ತವೆ. ಆ ಪರೀಕ್ಷೆಯಲ್ಲಿ ಹಾಕುವ, ಒಡೆದರೆ ನೀಲಿ ಬಣ್ಣ ಕೊಡುವ ಎಕ್ಸ್-ಗಾಲ್‌ಗೆ ಒಳಗೆ ಹೋಗಲು ಪರ್ಮಿಯೇಸ್ ಬೇಕಿಲ್ಲ. ಲ್ಯಾಕ್ಟೋಸ್‌ಗೆ ಬೇಕು. ಹಾಗಾಗಿ ಕಾಲನಿ ನೀಲಿಯಾದರೂ ಅದು ಲ್ಯಾಕ್ಟೋಸ್ ತಿಂದು ಬದುಕಲಾರದು.

ಹಾಗಾದರೆ ಒಡಿ ಯಾಕೆ ಏರಿತ್ತು? ಸ್ವಲ್ಪ ಬೆಳವಣಿಗೆ ನಿಜವೇ, ನೀರಿನಲ್ಲಿ ಉಳಿದಿದ್ದ ಪ್ರೋಟೀನ್ ಚೂರು, ಅಮೈನೋ ಆಮ್ಲ ತಿಂದು ಬಂದಿದ್ದು. ಉಳಿದಿದ್ದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಪನೀರ್ ನೀರಿನ ಪಿಎಚ್ ಏರಿಸಿ ಬಿಸಿ ಮಾಡಿದರೆ ಅದರ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಸಣ್ಣಗೆ ಗರಣೆ ಕಟ್ಟುತ್ತದೆ. ಮೆಷಿನ್‌ಗೆ ಆ ಮಬ್ಬೂ ಒಂದೇ, ಬ್ಯಾಕ್ಟೀರಿಯಾ ಮಬ್ಬೂ ಒಂದೇ.

ನಾವು ಇಡದೇ ಹೋದ ಫ್ಲಾಸ್ಕ್ ಒಂದೇ ಒಂದು. ಸಾದಾ ಮೀಡಿಯಂಗೆ ಶುದ್ಧ ಲ್ಯಾಕ್ಟೋಸ್ ಬೆರೆಸಿದ ಫ್ಲಾಸ್ಕ್. ಗ್ಲೂಕೋಸ್‌ನದು ಇಟ್ಟಿದ್ದೆವು, ಪನೀರ್ ನೀರಿನದು ಇಟ್ಟಿದ್ದೆವು, ಎರಡರ ನಡುವಿನದು ಇಟ್ಟಿರಲಿಲ್ಲ. ಅದಿದ್ದಿದ್ದರೆ ಎರಡು ತಿಂಗಳ ಕೆಲಸ ಎರಡೇ ದಿನದಲ್ಲಿ ಮುಗಿಯುತ್ತಿತ್ತು. ಅದಕ್ಕಿಂತ ಸುಲಭದ ದಾರಿಯೂ ನಮ್ಮ ಕಪಾಟಿನಲ್ಲೇ ಇತ್ತು, ಮ್ಯಾಕ್‌ಕಾಂಕಿ ಅಗರ್ ಪುಡಿ. ಲ್ಯಾಕ್ಟೋಸ್ ತಿನ್ನುವ ಬ್ಯಾಕ್ಟೀರಿಯಾ ಅದರ ಮೇಲೆ ಗುಲಾಬಿ ಬಣ್ಣಕ್ಕೆ ಬರುತ್ತದೆ, ತಿನ್ನದ್ದು ಬಣ್ಣವಿಲ್ಲದೆ ಬರುತ್ತದೆ. ನೀರಿನ ಪರೀಕ್ಷೆಗೆ ಅಂತ ಬಿ.ಎಸ್ಸಿ. ಮಕ್ಕಳು ವಾರಕ್ಕೊಮ್ಮೆ ಬಳಸುವ ಪುಡಿ ಅದು. ಮರುದಿನವೇ ಗೀರಿದೆವು. ಡಿಎಚ್5-ಆಲ್ಫಾ ಬಣ್ಣವಿಲ್ಲದೆ ಬಂತು. ಎಂಜಿ1655 ಎಂಬ ಇನ್ನೊಂದು ತಳಿ, ಇದರಲ್ಲಿ ಲ್ಯಾಕ್ ಓಪೆರಾನ್ ಪೂರ್ತಿ ಇದೆ, ಚೆನ್ನಾಗಿ ಗುಲಾಬಿಯಾಗಿ ಬಂತು. ಪ್ಲಾಸ್ಮಿಡ್ ಅನ್ನು ಅದಕ್ಕೆ ಹಾಕಿದೆವು.

ಸಕ್ಕರೆ ಇಳಿಯಿತು. ಪ್ಲಾಸ್ಟಿಕ್ ಬಂತು, ಆದರೆ ತೀರಾ ಕಡಿಮೆ. ಒಂದೇ ದಿನದಲ್ಲಿ ಬೆಳವಣಿಗೆ ನಿಂತುಹೋಯಿತು. ಫ್ಲಾಸ್ಕ್‌ನ ಹತ್ತಿ ತೆಗೆದರೆ ವಿನೆಗರ್ ವಾಸನೆ, ಪಿಎಚ್ 5ರ ಹತ್ತಿರಕ್ಕೆ ಬಿದ್ದಿತ್ತು.

ಇದನ್ನು ಮಕ್ಕಳಿಗೆ ನಾನು ಕೆರೆ ಲೆಕ್ಕದಲ್ಲಿ ಹೇಳಿದೆ. ಕೋಲಾರದವರಿಗೆ ಕೆರೆ ಹೇಳಿಕೊಡಬೇಕಾ? ಸಕ್ಕರೆ ಒಡೆದು ಬರುವ ಅಸಿಟೈಲ್-ಕೋಎ ಒಂದು ಕೆರೆ ಅಂದುಕೊಳ್ಳಿ. ಅದಕ್ಕೆ ಮೊದಲೇ ಇರುವ ದೊಡ್ಡ ತೂಬು ಟಿಸಿಎ ಚಕ್ರ. ಅದರಿಂದ ಬ್ಯಾಕ್ಟೀರಿಯಾಗೆ ಶಕ್ತಿ ಬರುತ್ತದೆ, ಮೈ ಕಟ್ಟಲು ಸಾಮಗ್ರಿ ಬರುತ್ತದೆ. ನಾವು ಮೂರು ಜೀನ್ ಹಾಕಿ ಮಾಡಿದ್ದು ಕೆರೆಗೆ ಇನ್ನೊಂದು ಸಣ್ಣ ತೂಬು ಕೊರೆದಿದ್ದು, ಅದರ ಕಾಲುವೆ ಪ್ಲಾಸ್ಟಿಕ್ ಕಡೆಗೆ ಹೋಗುತ್ತದೆ. ಈಗ ಮೇಲಿಂದ ನೀರು ಜೋರಾಗಿ ಬಂದರೆ, ಎರಡೂ ತೂಬುಗಳಲ್ಲಿ ಹೋಗುವುದಕ್ಕಿಂತ ಜಾಸ್ತಿ ಬಂದರೆ, ಏನಾಗುತ್ತದೆ? ಕೋಡಿ ಬೀಳುತ್ತದೆ. ಇ. ಕೋಲೈನಲ್ಲಿ ಆ ಕೋಡಿಯೇ ಅಸಿಟೇಟ್. ಸಕ್ಕರೆ ಒಟ್ಟಿಗೆ ಸುರಿದರೆ, ಗಾಳಿ ಸಾಲದಿದ್ದರೆ, ಅದು ಇಂಗಾಲವನ್ನು ಅಸಿಟಿಕ್ ಆಸಿಡ್ ಮಾಡಿ ಹೊರಗೆ ಚೆಲ್ಲುತ್ತದೆ. ಚೆಲ್ಲಿದ ಹುಳಿಯೇ ಆಮೇಲೆ ಅದನ್ನು ನಿಲ್ಲಿಸುತ್ತದೆ.

ಕೋಡಿಯನ್ನೇ ಮುಚ್ಚಿಬಿಟ್ಟರೆ ಅಂತ ಹುಡುಗ ಕೇಳಿದ. ಮುಚ್ಚಬಹುದು, ಪಿಟಿಎ ಮತ್ತು ಎಸಿಕೆ-ಎ ಎಂಬ ಜೀನ್ ತೆಗೆದವರು ತುಂಬಾ ಜನ ಇದ್ದಾರೆ. ಆದರೆ ಕೋಡಿ ಮುಚ್ಚಿದ ಕೆರೆಯಲ್ಲಿ ನೀರು ಏರಿಗೆ ಬಂದು ಒತ್ತುತ್ತದಲ್ಲ, ಹಾಗೆ ಆ ತಳಿಗಳಲ್ಲಿ ಒತ್ತಡ ಹಿಂದಕ್ಕೆ ಹೋಗಿ ಪೈರುವೇಟ್, ಲ್ಯಾಕ್ಟೇಟ್ ಸೋರಲು ಶುರುವಾಗುತ್ತದೆ. ಆಗ ಅದಕ್ಕೆ ಇನ್ನೊಂದು ಜೀನ್ ತೆಗೆಯಬೇಕು. ಹೊಸ ತೂಬನ್ನು ಅಗಲ ಮಾಡುತ್ತೇನೆ ಅಂದರೆ ಅಲ್ಲೂ ಎರಡು ಬಿಗಿ ಇವೆ. ಫಾ-ಎ ಕಿಣ್ವವನ್ನು ಬಿಡಿ ಕೋಎ ಅಣುಗಳು ತಡೆದು ನಿಲ್ಲಿಸುತ್ತವೆ. ಟಿಸಿಎ ಚಕ್ರ ಜೋರಾಗಿ ತಿರುಗುತ್ತಿರುವಾಗ ಆ ಬಿಡಿ ಕೋಎ ಜಾಸ್ತಿ, ಹಾಗಾಗಿ ಪ್ಲಾಸ್ಟಿಕ್ ತೂಬು ಅರ್ಧ ಮುಚ್ಚಿರುತ್ತದೆ. ಫಾ-ಬಿ ಕಿಣ್ವಕ್ಕೆ ಪ್ರತಿ ಮಣಿಗೂ ಒಂದು ಎನ್‌ಎಡಿಪಿಎಚ್ ಬೇಕು, ಅದೂ ಬೇರೆ ನೂರು ಕೆಲಸಕ್ಕೆ ಹಂಚಿಹೋಗಿರುತ್ತದೆ. ಜೀನ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಆ ಜೀವದ ಒಳಗಿನ ಈ ಜಮಾ ಖರ್ಚನ್ನು ಕೂತು ನೋಡುವುದೇ ಚಯಾಪಚಯ ತಿದ್ದುವವರ ನಿಜವಾದ ಕೆಲಸ. ನಾವು ಅಲ್ಲಿಯವರೆಗೆ ಮಾಡಿದ್ದು ಮೊದಲನೆಯದನ್ನು ಮಾತ್ರ.

ಗಾಳಿ, ಹುಳಿ, ಸಕ್ಕರೆ ಹತೋಟಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಸುವ ಫರ್ಮೆಂಟರ್ ನಮ್ಮ ಕಾಲೇಜಿನಲ್ಲಿ ಇಲ್ಲ. ಇರುವ ಷೇಕರ್‌ನಲ್ಲೇ ಆಗುವುದನ್ನು ಮಾಡಿದೆವು. ಪನೀರ್ ನೀರಿಗೆ ಅಷ್ಟೇ ನೀರು ಬೆರೆಸಿದೆವು. ಅರ್ಧ ಲೀಟರ್ ಫ್ಲಾಸ್ಕ್‌ನಲ್ಲಿ ನೂರು ಎಂಎಲ್ ಮಾತ್ರ ಹಾಕಿದೆವು, ಗಾಳಿ ಚೆನ್ನಾಗಿ ಆಡಲಿ ಅಂತ. ಹುಳಿ ಹೀರಲು ಸ್ವಲ್ಪ ಸುಣ್ಣದಕಲ್ಲಿನ ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸಿದೆವು. ಉಷ್ಣತೆಯನ್ನು 37ರಿಂದ 30ಕ್ಕೆ ಇಳಿಸಿದೆವು, ಸಕ್ಕರೆ ಎಳೆದುಕೊಳ್ಳುವ ವೇಗ ತಗ್ಗಿದರೆ ಕೋಡಿಯೂ ತಗ್ಗುತ್ತದೆ. ಇದರಲ್ಲಿ ಯಾವುದೂ ಹೊಸ ವಿದ್ಯೆಯಲ್ಲ. ಎಲ್ಲ ಸೇರಿ ಲೀಟರ್‌ಗೆ 5 ಗ್ರಾಂ ಆಸುಪಾಸು ಒಣ ತೂಕ ಬಂತು, ಅದರಲ್ಲಿ ಸುಮಾರು 2 ಗ್ರಾಂ ಪಿಎಚ್‌ಬಿ.

ಇದು ಎಷ್ಟು ಒಳ್ಳೆಯದು ಅಂತ ಗೊತ್ತಾಗಬೇಕಾದರೆ ಮೇಲಿನ ಮಿತಿ ಗೊತ್ತಿರಬೇಕು. ಒಂದು ಗ್ಲೂಕೋಸ್‌ನಲ್ಲಿ ಆರು ಇಂಗಾಲ. ಅಸಿಟೈಲ್-ಕೋಎ ಆಗುವಾಗ ಎರಡು ಇಂಗಾಲ ಗಾಳಿಗೆ ಹೋಗುತ್ತವೆ, ನಾಲ್ಕು ಉಳಿದು ಮಾಲೆಯ ಒಂದು ಮಣಿಯಾಗುತ್ತವೆ. ಲ್ಯಾಕ್ಟೋಸ್ ಅಂದರೆ ಇಂಥ ಆರು ಇಂಗಾಲದ ಎರಡು ಸಕ್ಕರೆಯ ಜೋಡಿ. ಹಾಗಾಗಿ ತೂಕದ ಲೆಕ್ಕದಲ್ಲಿ ನೂರು ಗ್ರಾಂ ಲ್ಯಾಕ್ಟೋಸ್‌ನಿಂದ ಎಷ್ಟೇ ಬುದ್ಧಿ ಖರ್ಚು ಮಾಡಿದರೂ 50 ಗ್ರಾಂಗಿಂತ ಜಾಸ್ತಿ ಪ್ಲಾಸ್ಟಿಕ್ ಈ ದಾರಿಯಲ್ಲಿ ಬರುವುದಿಲ್ಲ. ನಮ್ಮ ಅರ್ಧ ಬೆರೆಸಿದ ನೀರಿನಲ್ಲಿ ಲೀಟರ್‌ಗೆ 22 ಗ್ರಾಂ ಲ್ಯಾಕ್ಟೋಸ್ ಇತ್ತು. ಮಿತಿ 11 ಗ್ರಾಂ, ನಮಗೆ ಬಂದಿದ್ದು 2.

ಹೊರಗೆ ತೆಗೆಯುವುದು ಅಂದುಕೊಂಡಿದ್ದಕ್ಕಿಂತ ಸುಲಭವಾಯಿತು. ಇ. ಕೋಲೈ ಮೈ ಗೋಡೆ ಅಷ್ಟು ಗಟ್ಟಿ ಅಲ್ಲ. 0.2 ನಾರ್ಮಲ್ ಕಾಸ್ಟಿಕ್ ಸೋಡಾದಲ್ಲಿ 30 ಡಿಗ್ರಿಗೆ ಒಂದು ಗಂಟೆ ಇಟ್ಟರೆ ಮೈಯೆಲ್ಲ ಕರಗಿ ಹರಳು ಉಳಿಯುತ್ತದೆ, ಇದೂ ಕೈಸ್ಟ್‌ನವರೇ ತೋರಿಸಿದ ವಿಧಾನ. ಹದಿನೆಂಟು ಫ್ಲಾಸ್ಕ್ ಒಟ್ಟು ಮಾಡಿ, ತೊಳೆದು ಒಣಗಿಸಿದಾಗ ಕೈಗೆ ಸಿಕ್ಕಿದ್ದು 3 ಗ್ರಾಂ ಬಿಳಿ ಪುಡಿ. ಅದನ್ನು ಬಿಸಿ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಗಾಜಿನ ಪೆಟ್ರಿ ಪ್ಲೇಟ್‌ಗೆ ಹುಯ್ದೆವು. ಪ್ಲಾಸ್ಟಿಕ್ ಪ್ಲೇಟ್ ಆಗುವುದಿಲ್ಲ, ಅದೇ ಕರಗಿಬಿಡುತ್ತದೆ. ರಾತ್ರಿಯಿಡೀ ಫ್ಯೂಮ್ ಹುಡ್‌ನಲ್ಲಿ ಆರಿದ ಮೇಲೆ ಹಾಲಿನ ಕೆನೆಯ ಹಾಗೆ ಒಂದು ತೆಳು ಹಾಳೆ ಎದ್ದು ಬಂತು.

ಹುಡುಗಿ ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸಿದಳು. ಟಕ್ ಅಂತ ಮುರಿಯಿತು. ಪಿಎಚ್‌ಬಿ ಗುಣವೇ ಅದು, ಹಪ್ಪಳದ ಹಾಗೆ. ಶೇ 5ರಷ್ಟು ಎಳೆದರೆ ತುಂಡಾಗುತ್ತದೆ. ಪಾಲಿಥೀನ್ ಅದರ ಎಷ್ಟೋ ಪಟ್ಟು ಜಗ್ಗುತ್ತದೆ. ಇದನ್ನು ಮೆದು ಮಾಡಲು ಒಂದು ದಾರಿ ಬ್ಯಾಕ್ಟೀರಿಯಾಗೆ ಸಕ್ಕರೆ ಜೊತೆ ಪ್ರೊಪಿಯೋನಿಕ್ ಆಸಿಡ್ ಉಣಿಸುವುದು. ಆಗ ಮಾಲೆಯ ನಡುನಡುವೆ ಐದು ಇಂಗಾಲದ ಮಣಿ ಸೇರಿ ಪಿಎಚ್‌ಬಿವಿ ಆಗುತ್ತದೆ. ಬ್ರಿಟನ್ನಿನ ಐಸಿಐ ಕಂಪನಿ ಬಯೋಪಾಲ್ ಹೆಸರಿನಲ್ಲಿ ಮಾರಿದ್ದು ಅದನ್ನೇ, 1990ರಲ್ಲಿ ಜರ್ಮನಿಯಲ್ಲಿ ವೆಲ್ಲಾ ಶಾಂಪೂ ಬಾಟಲಿ ಅದರಲ್ಲಿ ಬಂದಿತ್ತು. ಪೆಟ್ರೋಲಿಯಂ ಪ್ಲಾಸ್ಟಿಕ್‌ನ ಬೆಲೆಗೆ ಸರಿಗಟ್ಟಲು ಆಗದೆ ಅದು ಹಿಂದೆ ಬಿತ್ತು.

ಪರೀಕ್ಷೆಗೆ ಮುಂಚೆ ಅವಳ ಅಪ್ಪ ಒಮ್ಮೆ ಕಾಲೇಜಿಗೆ ಬಂದಿದ್ದರು. ಹಾಳೆ ತುಂಡನ್ನು ಅಂಗೈ ಮೇಲೆ ಇಟ್ಟುಕೊಂಡು, "ಒಂದು ಎಕರೆಗೆ ಎಷ್ಟು ಬೇಕಾಗ್ತದಮ್ಮ?" ಅಂದರು. ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಕೊಡಬಾರದು ಅನ್ನಿಸಿತು. ಅಲ್ಲೇ ಬೋರ್ಡ್ ಮೇಲೆ ಲೆಕ್ಕ ಹಾಕಿದೆವು. ಅವರು ಎಕರೆಗೆ 400 ಮೀಟರ್‌ನ ಆರು ರೋಲ್ ಹಾಕುತ್ತಾರೆ, ಅಗಲ 1.2 ಮೀಟರ್. ಒಟ್ಟು 2,880 ಚದರ ಮೀಟರ್. 25 ಮೈಕ್ರಾನ್ ದಪ್ಪಕ್ಕೆ 72 ಲೀಟರ್ ಗಾತ್ರದ ಪ್ಲಾಸ್ಟಿಕ್. ಪಾಲಿಥೀನ್ ಆದರೆ 66 ಕೆಜಿ, ಪಿಎಚ್‌ಬಿ ಸ್ವಲ್ಪ ಭಾರ, 90 ಕೆಜಿ. ನೂರು ಗ್ರಾಂ ಲ್ಯಾಕ್ಟೋಸ್‌ಗೆ 30 ಗ್ರಾಂ ಬರುವಷ್ಟು ಒಳ್ಳೆಯ ಘಟಕ ಇದೆ ಅಂತ ಇಟ್ಟುಕೊಂಡರೂ 300 ಕೆಜಿ ಲ್ಯಾಕ್ಟೋಸ್ ಬೇಕು. ಅಂದರೆ ಸುಮಾರು 6,700 ಲೀಟರ್ ಪನೀರ್ ನೀರು. ಒಂದು ಎಕರೆಗೆ, ಒಂದು ಬೆಳೆಗೆ.

ಅವರು ಬೋರ್ಡ್ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. "ಹಂಗಾದ್ರೆ ಎಲ್ಲಾ ಸಾಲಿಗೂ ಆಗಲ್ಲ, ನರ್ಸರಿ ಟ್ರೇಗೆ ಆಗಬೋದು," ಅಂದರು. ನನಗೆ ಅದು ಈ ಇಡೀ ವರ್ಷದಲ್ಲಿ ಕೇಳಿದ ಅತ್ಯಂತ ಉಪಯೋಗದ ಮಾತು. ಸಸಿ ಜೊತೆಗೇ ಮಣ್ಣಿಗೆ ಇಳಿಯುವ ಸಣ್ಣ ಬಟ್ಟಲಿಗೆ ಜಗ್ಗುವ ಗುಣ ಬೇಕಿಲ್ಲ, ಗಟ್ಟಿ ಇದ್ದರೆ ಸಾಕು. ಹಪ್ಪಳದ ಗುಣ ಅಲ್ಲಿ ಅಷ್ಟೊಂದು ಅಡ್ಡ ಬರುವುದಿಲ್ಲ.

ಕೆರೆ ಒಂದೇ, ತೂಬು ಬೇರೆ ಬೇರೆ ಇಡಬಹುದು ಅನ್ನುವುದನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಇಬ್ಬರಲ್ಲಿ ಹುಡುಗನ ಮನಸ್ಸು ಈಗ ಆ ಕಡೆ ಹೋಗಿದೆ. ಪ್ಲಾಸ್ಟಿಕ್ ಅಗ್ಗದ ಮಾಲು, ಅದರಲ್ಲಿ ಗೆಲ್ಲುವುದು ಕಷ್ಟ. ಅದೇ ಅಸಿಟೈಲ್-ಕೋಎಯಿಂದ ಕೊಬ್ಬಿನಾಮ್ಲ ಮಾಡಬಹುದು, ಮೆವಲೋನೇಟ್ ದಾರಿಯಲ್ಲಿ ಪರಿಮಳ, ಔಷಧದ ಸಾಮಗ್ರಿ ಮಾಡಬಹುದು. ದೊಡ್ಡ ಪ್ರಮಾಣದಲ್ಲಿ ಗೆದ್ದ ಉದಾಹರಣೆ ಬೇಕಾದರೆ ಡುಪಾಂಟ್ ಮತ್ತು ಜೆನೆನ್‌ಕಾರ್ ಕಂಪನಿಗಳ 1,3-ಪ್ರೊಪೇನ್‌ಡೈಯಾಲ್ ನೋಡಿ, ಬಟ್ಟೆ, ಕಾರ್ಪೆಟ್ ನೂಲಿಗೆ ಹೋಗುತ್ತದೆ. ಇ. ಕೋಲೈಗೆ ಯೀಸ್ಟ್‌ನಿಂದ ಎರಡು ಜೀನ್, ಕ್ಲೆಬ್ಸಿಯೆಲ್ಲಾದಿಂದ ಕೆಲವು ಜೀನ್ ತಂದು ಹಾಕಿದರು. ಆದರೆ ಕೆಲಸ ಗೆದ್ದಿದ್ದು ಅದಷ್ಟರಿಂದಲೇ ಅಲ್ಲ. ಇ. ಕೋಲೈ ಗ್ಲೂಕೋಸ್ ಎಳೆದುಕೊಳ್ಳುವಾಗ ಪ್ರತಿ ಅಣುವಿಗೂ ಒಂದು ಪಿಇಪಿ ಅಣು ಸುಂಕ ಕಟ್ಟುತ್ತದೆ. ಆ ಸುಂಕದ ಬಾಗಿಲನ್ನೇ ಮುಚ್ಚಿ, ಬೇರೆ ಬಾಗಿಲಿನಿಂದ ಗ್ಲೂಕೋಸ್ ಬರುವ ಹಾಗೆ ತಿದ್ದಿದರು. 2006ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಕಾರ್ಖಾನೆ ಶುರುವಾಯಿತು. ಬ್ಯಾಕ್ಟೀರಿಯಾ ಏನು ತಿನ್ನುತ್ತದೆ, ಬಾಗಿಲಲ್ಲಿ ಎಷ್ಟು ಕೊಟ್ಟು ತಿನ್ನುತ್ತದೆ ಅಂತ ಅವರು ನೋಡಿದ್ದನ್ನೇ ನಾವು ಮೊದಲ ದಿನ ನೋಡಿರಲಿಲ್ಲ.

ಈಗ ನಮ್ಮ ಲ್ಯಾಬ್‌ನಲ್ಲಿ ಹೊಸದಾಗಿ ಯಾರು ತಳಿ ತಂದರೂ ಮೊದಲು ಮ್ಯಾಕ್‌ಕಾಂಕಿ ಮೇಲೆ ಗೀರುತ್ತಾರೆ, ಕೆಲಸಕ್ಕೆ ಸಂಬಂಧ ಇರಲಿ ಬಿಡಲಿ. ಫ್ರೀಜರ್‌ನ ಪ್ರತಿ ಟ್ಯೂಬ್ ಮೇಲೂ ಅದು ಯಾವ ಸಕ್ಕರೆ ತಿನ್ನುತ್ತದೆ ಅಂತ ಹುಡುಗಿಯ ಕೈಬರಹದಲ್ಲಿ ಇದೆ. ಪನೀರ್ ನೀರಿನ ಕೆಲಸದಲ್ಲಿ ಒಡಿ ಅಳೆಯುವುದನ್ನು ಪೂರ್ತಿ ಬಿಟ್ಟಿದ್ದೇವೆ. ಒಣ ತೂಕ, ಮಿಕ್ಕ ಸಕ್ಕರೆ, ಪಿಎಚ್, ಈ ಮೂರನ್ನೇ ದಿನಕ್ಕೆರಡು ಸಲ ಬರೆಯುತ್ತೇವೆ.

ಹಾಳೆಗಳಲ್ಲಿ ನಾಲ್ಕನ್ನು ಅವಳು ಊರಿಗೆ ತಗೊಂಡು ಹೋಗಿದ್ದಳು. ಕಾಸ್ಟಿಕ್ ಸೋಡಾ, ಕ್ಲೋರೋಫಾರ್ಮ್ ಎರಡನ್ನೂ ದಾಟಿ ಬಂದ ಹಾಳೆಯಲ್ಲಿ ಜೀವ ಇರುವ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ, ಆದರೂ ಪ್ಲೇಟ್ ಮೇಲೆ ಇಟ್ಟು ನೋಡಿ ಖಾತ್ರಿ ಮಾಡಿಕೊಂಡೇ ಕಳಿಸಿದೆವು. ನೈಲಾನ್ ಸೊಳ್ಳೆಪರದೆಯ ಚೀಲ ಹೊಲಿದು, ಒಂದೊಂದು ಚೀಲದಲ್ಲಿ ನಮ್ಮ ಹಾಳೆಯ ತುಂಡು ಒಂದು, ಪಾಲಿಥೀನ್ ತುಂಡು ಒಂದು ಹಾಕಿ, ಡ್ರಿಪ್ ಪೈಪಿನ ಕೆಳಗೆ ಒಂದು ಗೇಣು ಆಳದಲ್ಲಿ ಹೂತಿದ್ದಳು. ಎರಡು ತಿಂಗಳ ಮೇಲೆ ಅಪ್ಪ ಮಗಳು ಸೇರಿ ಅಗೆದ ಫೋಟೋ ಕಳಿಸಿದರು. ಪಾಲಿಥೀನ್ ಹಾಕಿದ ಹಾಗೇ ಇತ್ತು, ಮಣ್ಣು ಒರೆಸಿದರೆ ಹೊಳೆಯುತ್ತಿತ್ತು. ನಮ್ಮ ಹಾಳೆ ಮೂರು ಚೀಲಗಳಲ್ಲಿ ಜರಡಿಯ ಹಾಗೆ ತೂತು ಬಿದ್ದು, ಮುಟ್ಟಿದರೆ ಪುಡಿಯಾಗುತ್ತಿತ್ತು. ನಾಲ್ಕನೇ ಚೀಲದಲ್ಲಿ ಅದನ್ನು ಹುಡುಕಲು ಅವರಿಗೆ ಆಗಲಿಲ್ಲವಂತೆ. ಬರೀ ಬೇರು ಸಿಕ್ಕಿತಂತೆ.